ನಂಬರಿಗೆ ಅಂಟಿದ ಚೀಟಿ: ಸಿಕಂದರಾಬಾದಿನ ಒಂದು ರಿಪೇರಿ ಅಂಗಡಿಯ ಪಾಠಗಳು

2023ರ ಮಾರ್ಚ್ ತಿಂಗಳಲ್ಲಿ ಸೈಬರಾಬಾದ್ ಪೊಲೀಸರು ಏಳು ಮಂದಿಯನ್ನು ಹಿಡಿದರು. ಅವರ ಬಳಿ ಮಾರಾಟಕ್ಕಿದ್ದ ಮಾಲು 16.8 ಕೋಟಿ ಜನರ ವಿವರ. ಆಗ ಕಮಿಷನರ್ ಆಗಿದ್ದ ಸ್ಟೀಫನ್ ರವೀಂದ್ರ ಪತ್ರಕರ್ತರ ಮುಂದೆ ಪಟ್ಟಿ ಓದಿದರು: ನೀಟ್ ಬರೆದ ಮಕ್ಕಳು, ಸಾಲಕ್ಕೆ ಅರ್ಜಿ ಹಾಕಿದವರು, ಕ್ರೆಡಿಟ್ ಕಾರ್ಡ್ ಇದ್ದವರು, ಡಿಮ್ಯಾಟ್ ಖಾತೆ ಇದ್ದವರು, ಸರ್ಕಾರಿ ನೌಕರರು. ಹೀಗೆ 140ಕ್ಕೂ ಹೆಚ್ಚು ವರ್ಗ. 50 ಸಾವಿರ ಜನರ ಮಾಹಿತಿಗೆ ಬೆಲೆ ಎರಡು ಸಾವಿರ ರೂಪಾಯಿಯಷ್ಟು ಕಡಿಮೆ. ತಲೆಗೆ ನಾಲ್ಕು ಪೈಸೆ.

ಅದೇ ಪಟ್ಟಿಯಲ್ಲಿ 2.55 ಲಕ್ಷ ಸೇನಾ ಸಿಬ್ಬಂದಿಯ ವಿವರವೂ ಇತ್ತು: ಹುದ್ದೆ, ಇಮೇಲ್, ಎಲ್ಲಿ ಪೋಸ್ಟಿಂಗ್ ಎಂಬುದೆಲ್ಲ. ಬೇರೆ ಊರಿನವರಿಗೆ ಅದು ಪತ್ರಿಕೆಯ ಒಂದು ಸಾಲು. ಸಿಕಂದರಾಬಾದಿನವರಿಗೆ ಹಾಗಲ್ಲ. ತಿರುಮಲಗಿರಿ, ಬೊಲ್ಲಾರಂ, ಕಾರ್ಖಾನಾ, ಸೈನಿಕ್‌ಪುರಿ, ಎಲ್ಲಿ ಹೋದರೂ ಮನೆಗೊಬ್ಬ ಹಾಲಿ ಅಥವಾ ಮಾಜಿ ಫೌಜಿ. ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ, ಅಂದರೆ ಎಲ್ಲರೂ ಕರೆಯುವ ಸಿಟಿಸಿಯಲ್ಲಿ, ನಾನು ಲ್ಯಾಪ್‌ಟಾಪು, ಫೋನು ರಿಪೇರಿ ಮಾಡಿಕೊಂಡಿರುವವನು. ಊರು ಬೀದರ್ ಕಡೆ. ನನ್ನ ಗಿರಾಕಿಗಳಲ್ಲಿ ಪಿಂಚಣಿ ಪಡೆಯುವ ಮಾಜಿ ಸೈನಿಕರು ಬಹಳ. ಕಾಚಿಗುಡದ ಕಡೆಯಿಂದ ಬರುವ ಕನ್ನಡದ ಮನೆಗಳವರೂ ಇದ್ದಾರೆ. ಸ್ಕ್ರೀನ್ ಹಾಕಿಸಲು ಬಂದವರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಈ ಕಾಲ್ ಬರೋದು ನಿಲ್ಸೋದು ಹೆಂಗ್ರೀ?" ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

1. ನಂಬರ್ ಗುಟ್ಟಲ್ಲ, ಅದಕ್ಕೆ ಅಂಟಿದ ಚೀಟಿ ಗುಟ್ಟು

ಹತ್ತು ಅಂಕಿಗಳನ್ನು ಯಾರು ಬೇಕಾದರೂ ಊಹಿಸಿ ಒತ್ತಬಹುದು. ಅದಕ್ಕೆ ಕಾಸಿನ ಬೆಲೆಯಿಲ್ಲ. ಬೆಲೆ ಬರುವುದು ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸುವ ಹಾಗೆ ಆ ನಂಬರಿಗೆ "ನಿವೃತ್ತ ಸುಬೇದಾರ್, ಅಲ್ವಾಲ್, ಇಂಥ ಬ್ಯಾಂಕ್, ಮಗಳಿಗೆ ಇಂಜಿನಿಯರಿಂಗ್ ಸೀಟು ಬೇಕು" ಎಂಬ ಚೀಟಿ ಅಂಟಿದಾಗ. ಸೈಬರಾಬಾದ್ ಪ್ರಕರಣದ 140 ವರ್ಗಗಳೆಂದರೆ 140 ಬಗೆಯ ಚೀಟಿಗಳೇ. ಅದಾದ ಕೆಲವೇ ದಿನಕ್ಕೆ ಅದೇ ಪೊಲೀಸರು ಫರೀದಾಬಾದಿನ ಒಬ್ಬನನ್ನು ಹಿಡಿದರು. ಅವನೊಬ್ಬನ ಹತ್ತಿರವೇ 24 ರಾಜ್ಯ, ಎಂಟು ಮಹಾನಗರಗಳ 66.9 ಕೋಟಿ ವ್ಯಕ್ತಿ ಮತ್ತು ಸಂಸ್ಥೆಗಳ ದಾಖಲೆ. ಅಷ್ಟೂ ಬೇರೆ ಬೇರೆ ಮನುಷ್ಯರೇ ಇರಬೇಕೆಂದಿಲ್ಲ. ಒಂದೇ ನಂಬರಿಗೆ ಹತ್ತು ಚೀಟಿ ಅಂಟಿದ್ದರೆ ಅದು ಹತ್ತು ಪಟ್ಟಿಯಲ್ಲಿ ಕಾಣುತ್ತದೆ.

ಆದ್ದರಿಂದ "ನನ್ನ ನಂಬರ್ ಹೊರಗೆ ಹೋಗಿದೆಯಾ?" ಎಂದು ಕೇಳಿದವರಿಗೆ ನಾನು ನೇರವಾಗಿ ಹೇಳುವುದು, ಹೋಗಿದೆ ಅಂತಲೇ ಲೆಕ್ಕ ಹಾಕಿ. 2021ರಲ್ಲಿ ಫೇಸ್‌ಬುಕ್ಕಿನ 53 ಕೋಟಿ ಬಳಕೆದಾರರ ನಂಬರುಗಳು ಬಯಲಾದವು. ಅದೇ ವರ್ಷ ಡಾಮಿನೋಸ್ ಪಿಜ್ಜಾದ 18 ಕೋಟಿ ಆರ್ಡರುಗಳ ವಿವರ ಹೊರಬಿತ್ತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ದಾಖಲೆಗಳು ಟೆಲಿಗ್ರಾಂ ಬಾಟ್‌ಗಳ ಮೂಲಕ ಸಿಗತೊಡಗಿದವು. ಹೋದದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಯಾವುದೂ ಇಲ್ಲ. "ಡಾರ್ಕ್ ವೆಬ್‌ನಿಂದ ನಿಮ್ಮ ಮಾಹಿತಿ ಅಳಿಸಿ ಕೊಡ್ತೀವಿ" ಎನ್ನುವವನಿಗೆ ದುಡ್ಡು ಕೊಟ್ಟರೆ ಇನ್ನೊಂದು ಪಟ್ಟಿಗೆ ಸೇರುತ್ತೀರಿ. ನಮ್ಮ ಕೈಯಲ್ಲಿ ಉಳಿದಿರುವುದು ಹೊಸ ಚೀಟಿ ಅಂಟದಂತೆ ನೋಡಿಕೊಳ್ಳುವುದು, ಹಳೆಯದು ಹಳತಾಗಿ ಕೆಲಸಕ್ಕೆ ಬಾರದಂತೆ ಮಾಡುವುದು.

2. ಬ್ಯಾಂಕಿಗೊಂದು, ಊರಿಗೊಂದು

ನನ್ನನ್ನು ಕೇಳಿದರೆ ಈ ಬರಹದಲ್ಲಿ ಇದೊಂದನ್ನು ಮಾಡಿದರೂ ಮುಕ್ಕಾಲು ಕೆಲಸ ಮುಗಿಯಿತು. ಈಗಿನ ಫೋನುಗಳಲ್ಲೆಲ್ಲ ಎರಡು ಸಿಮ್ ಹಿಡಿಯುತ್ತವೆ. ಹಳೆಯ ನಂಬರು ಹತ್ತು ಹದಿನೈದು ವರ್ಷ ಊರೆಲ್ಲ ತಿರುಗಿದೆ, ಮದುವೆ ಪತ್ರಿಕೆಯ ಮೇಲೂ ಅಚ್ಚಾಗಿದೆ. ಅದನ್ನು ಊರಿಗೇ ಬಿಟ್ಟುಬಿಡಿ. ಹೊಸದೊಂದು ನಂಬರು ತೆಗೆದುಕೊಂಡು ಬ್ಯಾಂಕು, ಆಧಾರ್, ಪ್ಯಾನ್, ಪಿಎಫ್, ಪಿಂಚಣಿ ಮಾತ್ರ ಅದಕ್ಕೆ ಜೋಡಿಸಿ. ಆ ನಂಬರನ್ನು ತಮ್ಮನಿಗೂ ಕೊಡಬೇಡಿ. ತಮ್ಮನ ಮೇಲೆ ಅನುಮಾನವಲ್ಲ, ಅವನ ಫೋನಿನ ಮೇಲೆ ಅನುಮಾನ. ಅದು ಯಾಕೆಂದು 4ನೇ ಪಾಠದಲ್ಲಿದೆ.

ಇದರ ದೊಡ್ಡ ಲಾಭ ಬೇರೆಯೇ ಇದೆ. ಊರ ನಂಬರಿಗೆ "ನಿಮ್ಮ ಖಾತೆ ಬ್ಲಾಕ್ ಆಗ್ತದೆ, ಕೆವೈಸಿ ಮಾಡ್ಸಿ" ಎಂದು ಕರೆ ಬಂದರೆ ಯೋಚಿಸುವ ಅಗತ್ಯವೇ ಇಲ್ಲ. ಬ್ಯಾಂಕಿಗೆ ಆ ನಂಬರೇ ಗೊತ್ತಿಲ್ಲವಲ್ಲ!

ಯುಪಿಐ ಬಗ್ಗೆ ಒಂದು ಮಾತು. ಬಹಳ ಆ್ಯಪ್‌ಗಳು ತಾವಾಗಿಯೇ ನಿಮ್ಮ ಮೊಬೈಲ್ ನಂಬರನ್ನೇ ಯುಪಿಐ ಐಡಿ ಮಾಡುತ್ತವೆ. ಮೊಂಡಾ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ದುಡ್ಡು ಹಾಕಿದರೂ ಹೆಸರು, ನಂಬರು ಎರಡೂ ಜೋಡಿಯಾಗಿ ಆಚೆ ದಾಟಬಹುದು. ಆ್ಯಪ್‌ನ ಪ್ರೊಫೈಲಿನಲ್ಲಿ ಹೊಸ ಐಡಿ ಮಾಡಿಕೊಳ್ಳುವ ಅವಕಾಶ ಇರುತ್ತದೆ. ನಂಬರಿಲ್ಲದ ಒಂದನ್ನು ಮಾಡಿಕೊಂಡು ಅದನ್ನೇ ಮುಂದಿಡಿ.

3. ಅಂಗಡಿಯವ ಕೇಳಿದ ಕೂಡಲೇ ಹೇಳಬೇಕೆಂದಿಲ್ಲ

ಜನರಲ್ ಬಜಾರಿನಲ್ಲಿ ಸೀರೆ, ಔಷಧಿ ಅಂಗಡಿಯಲ್ಲಿ ಮಾತ್ರೆ, ಮಾಲಿನಲ್ಲಿ ಒಂದು ಬನಿಯನ್ನು, ಏನು ಕೊಂಡರೂ ಬಿಲ್ಲಿನವ ಕಂಪ್ಯೂಟರಿನಿಂದ ಕಣ್ಣೆತ್ತದೆ "ನಂಬರ್ ಹೇಳಿ" ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಐದು ಜನಕ್ಕೂ ಕೇಳುವ ಹಾಗೆ ನಾವೂ ಹೇಳುತ್ತೇವೆ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಚಿಲ್ಲರೆ ವ್ಯಾಪಾರಿಗಳಿಗೆ ಸ್ಪಷ್ಟ ಸೂಚನೆ ಕೊಟ್ಟಿತು: ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎಂದು ಪಟ್ಟು ಹಿಡಿಯುವುದು ಅನುಚಿತ ವ್ಯಾಪಾರ ಪದ್ಧತಿ. "ಕೊಡೋದಿಲ್ಲ" ಎಂದು ಒಮ್ಮೆ ಹೇಳಿ ನೋಡಿ. ಆ ಹುಡುಗ ತನಗೆ ತೋಚಿದ ಹತ್ತು ಅಂಕಿ ಒತ್ತಿ ಬಿಲ್ ಕೊಟ್ಟೇ ಕೊಡುತ್ತಾನೆ.

ಇದಕ್ಕಿಂತ ಕೆಟ್ಟದ್ದು ಲಕ್ಕಿ ಡ್ರಾ. 1938ರಿಂದ ನಡೆದು ಬಂದಿರುವ ನಮ್ಮ ನುಮಾಯಿಶ್ ವಸ್ತುಪ್ರದರ್ಶನ, ಸಾಮಾನ್ಯವಾಗಿ ಜನವರಿ ಒಂದರಿಂದ ನಾಂಪಲ್ಲಿಯಲ್ಲಿ ಜನಜಾತ್ರೆ. ಅಂಥ ಜಾತ್ರೆಗಳಲ್ಲಿ, ಮಾಲುಗಳ ಬಾಗಿಲಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕಾರು ಗೆಲ್ಲುವ ಕೂಪನ್ ಬರೆಸುವವರು ನಿಂತಿರುತ್ತಾರೆ. ಹೆಸರು, ನಂಬರು, ವಯಸ್ಸು, ಮದುವೆಯಾಗಿದೆಯಾ, ತಿಂಗಳ ಆದಾಯ ಎಷ್ಟು? ಗೂಢಚಾರನೂ ಇಷ್ಟು ವಿಚಾರಿಸಲಾರ. ಕಾರು ಬರುವುದಿಲ್ಲ, ಹಾಲಿಡೇ ಕ್ಲಬ್ಬಿನ ಕರೆ ಬರುತ್ತದೆ.

4. ನಿಮ್ಮ ನಂಬರು ನಿಮ್ಮ ಫೋನಿನಿಂದಲೇ ಹೋಗಬೇಕೆಂದಿಲ್ಲ

ಬಹಳ ಹುಷಾರಿ ಜನ ಎಡವುವುದು ಇಲ್ಲಿಯೇ. ನೀವು ಯಾವ ಆ್ಯಪ್ಪನ್ನೂ ಹಾಕಿಕೊಂಡಿಲ್ಲ, ಸರಿ. ಆದರೆ ನಿಮ್ಮ ನಂಬರು ಇನ್ನೂರು ಜನರ ಫೋನಿನಲ್ಲಿ ಸೇವ್ ಆಗಿದೆ. ಅವರಲ್ಲೊಬ್ಬ ಟಾರ್ಚ್ ಆ್ಯಪ್ ಹಾಕಿಕೊಂಡು, ಕಾಂಟ್ಯಾಕ್ಟ್ಸ್ ನೋಡಲಾ ಎಂದದ್ದಕ್ಕೆ "ಅಲೋ" ಒತ್ತಿದರೆ ನಿಮ್ಮ ನಂಬರು ಹೋಯಿತು. ಬರೀ ನಂಬರಲ್ಲ, ಅವನು ನಿಮ್ಮನ್ನು ಏನೆಂದು ಸೇವ್ ಮಾಡಿಕೊಂಡಿದ್ದಾನೋ ಆ ಚೀಟಿಯ ಸಮೇತ. "ಕರ್ನಲ್ ಸಾಬ್ ಓನರ್", "ಬೀದರ್ ಡಾಕ್ಟರ್ ಅತ್ತೆ", "ಎಲ್‌ಐಸಿ ದೊಡ್ಡ ಪಾರ್ಟಿ". ಗಿರಾಕಿಗಳ ಫೋನಿನಲ್ಲಿ ಇಂಥ ಹೆಸರು ನೋಡಿ ಎಷ್ಟೋ ಸಲ ನಗು ತಡೆದುಕೊಂಡಿದ್ದೇನೆ.

ಇದು ಎಷ್ಟು ದೂರ ಹೋಗಬಹುದು ಎಂಬುದನ್ನು ಹೈದರಾಬಾದ್ 2020ರ ಡಿಸೆಂಬರಿನಲ್ಲಿ ಕಂಡಿತು. ಲೋನ್ ಆ್ಯಪ್‌ಗಳು ಐದು ಹತ್ತು ಸಾವಿರ ಸಾಲ ಕೊಟ್ಟು, ಸಾಲಗಾರನ ಕಾಂಟ್ಯಾಕ್ಟ್ ಲಿಸ್ಟ್ ಪೂರ್ತಿ ಎತ್ತಿಕೊಂಡು, ತಡವಾದರೆ ಅವನ ಅತ್ತೆಗೆ, ಆಫೀಸಿಗೆ, ಹೆಂಡತಿಯ ಗೆಳತಿಗೆ ಫೋನು ಮಾಡಿ ಮಾನ ಕಳೆದವು. ತೆಲಂಗಾಣದಲ್ಲಿ ಕೆಲವರು ಜೀವ ಕಳೆದುಕೊಂಡರು. ಪೊಲೀಸರು ಹೈದರಾಬಾದ್, ಗುರುಗ್ರಾಮಗಳಲ್ಲಿದ್ದ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ಸಾಲದ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್, ಫೋಟೋಗಳನ್ನು ಮುಟ್ಟಬಾರದು ಎಂದಿದೆ. ಸಾಲ ಮಾಡಿದವ ಒಬ್ಬ, ಬೈಗುಳ ತಿಂದವರು ಅವನ ಫೋನಿನಲ್ಲಿದ್ದವರೆಲ್ಲ. ಆ ಹಾವಳಿಯ ದಿನಗಳಲ್ಲಿ ಅಂಗಡಿಗೆ ಬಂದು ಇದೇ ಸಂಕಟ ಹೇಳಿಕೊಂಡವರಲ್ಲಿ ಸಾಲವನ್ನೇ ಮಾಡದವರೂ ಇದ್ದರು.

ಮಾಡಬೇಕಾದದ್ದು: ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಪರ್ಮಿಷನ್ ಮ್ಯಾನೇಜರಿನಲ್ಲಿ "ಕಾಂಟ್ಯಾಕ್ಟ್ಸ್" ತೆರೆಯಿರಿ. ಅಲ್ಲಿ ಯಾರ್ಯಾರು ಕೂತಿದ್ದಾರೆ ನೋಡಿ. ಫೋಟೋ ಚಂದ ಮಾಡುವ ಆ್ಯಪ್ಪಿಗೆ, ಪಂಚಾಂಗದ ಆ್ಯಪ್ಪಿಗೆ ನಿಮ್ಮ ಬಂಧುಬಳಗದ ಗೊಡವೆ ಯಾಕೆ? ಕಿತ್ತುಹಾಕಿ. ಟ್ರೂಕಾಲರ್ ಜಾಲದಲ್ಲಿ ನಿಮ್ಮ ಹೆಸರು ಬೇಡವಾದರೆ ಅದರ ವೆಬ್‌ಸೈಟಿನಲ್ಲಿ ಅನ್‌ಲಿಸ್ಟ್ ಮಾಡಿಸುವ ದಾರಿಯಿದೆ, ಖಾತೆ ಇದ್ದರೆ ಮೊದಲು ಅದನ್ನು ಮುಚ್ಚಬೇಕು. ಟೆಲಿಗ್ರಾಂನಲ್ಲಿ ನಂಬರು ಯಾರಿಗೆ ಕಾಣಬೇಕು ಎಂಬಲ್ಲಿ "ನೋಬಡಿ" ಇಡಿ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಸದಸ್ಯರಿಗೆಲ್ಲ ನಂಬರು ಕಾಣುವುದೇ, ಆದ್ದರಿಂದ ಯಾರ್ಯಾರೋ ಸೇರಿಸುವ ಗ್ರೂಪುಗಳಿಗೆ ತಡೆ ಹಾಕಿ: ಪ್ರೈವೆಸಿಯೊಳಗೆ ಗ್ರೂಪ್ಸ್, ಅದರಲ್ಲಿ "ಮೈ ಕಾಂಟ್ಯಾಕ್ಟ್ಸ್". ಕಾಲೊನಿಯ ಗ್ರೂಪಿಗೆ, ಕನ್ನಡ ಸಂಘದ ಗ್ರೂಪಿಗೆ ಊರ ನಂಬರೇ ಸಾಕು.

5. ಒಳ್ಳೆಯವರ ಪೆಟ್ಟಿಗೆಗೂ ಬೀಗ ಮುರಿಯುತ್ತದೆ

ತೆಲಂಗಾಣ ಪೊಲೀಸರ "ಹಾಕ್ ಐ" ಆ್ಯಪ್ ನಾಗರಿಕರ ಸುರಕ್ಷತೆಗೆಂದೇ ಬಂದದ್ದು. ದೂರು ಕೊಡಬಹುದು, ಒಂಟಿ ಪ್ರಯಾಣದಲ್ಲಿ ಎಸ್‌ಓಎಸ್ ಒತ್ತಬಹುದು. 2024ರ ಜೂನಿನಲ್ಲಿ ಅದರ ಮಾಹಿತಿಯೇ ಸೋರಿ ಮಾರಾಟಕ್ಕೆ ಬಂತು. ಬಂಧನವಾದವನು 20 ವರ್ಷದ ವಿದ್ಯಾರ್ಥಿ. ಪೊಲೀಸರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ, ಹಿಡಿದದ್ದೂ ಅವರೇ. ಪಾಠ ಇಷ್ಟೇ: ಯಾವ ಫಾರ್ಮಿನಲ್ಲಾದರೂ ನಕ್ಷತ್ರದ ಗುರುತು (*) ಇಲ್ಲದ, ಅಂದರೆ ಕಡ್ಡಾಯವಲ್ಲದ ಖಾನೆಯನ್ನು ಖಾಲಿ ಬಿಡಿ. ಕೊಡದೆ ಇದ್ದದ್ದು ಸೋರುವುದಿಲ್ಲ.

6. ಡಿಎನ್‌ಡಿ ಹಾಕಿದರೂ ಕರೆ ಬರುವುದು ಯಾಕೆ

"ಡಿಎನ್‌ಡಿ ಹಾಕ್ಸಿದೀನಿ ಸಾರ್, ಆದ್ರೂ ಯಾದಾದ್ರಿ ಪ್ಲಾಟ್ ತೊಗೊಳ್ಳಿ ಅಂತಾರೆ." ಹೈದರಾಬಾದಿನಲ್ಲಿ ಮೊಬೈಲ್ ಇದ್ದವರಿಗೆಲ್ಲ ಈ ಪ್ಲಾಟಿನ ಕರೆ ಬಂದೇ ಇರುತ್ತದೆ. ಎಚ್‌ಎಂಡಿಎ ಅಪ್ರೂವ್ಡ್, ಹೈವೇ ಫೇಸಿಂಗ್, ಸೈಟ್ ವಿಸಿಟ್‌ಗೆ ಕಾರು ಫ್ರೀ.

ಡಿಎನ್‌ಡಿ ಎಂದರೆ "ಡು ನಾಟ್ ಡಿಸ್ಟರ್ಬ್", ಕಾಡಬೇಡಿ ಎಂಬ ನೋಂದಣಿ. 1909ಕ್ಕೆ ಕರೆ ಮಾಡಿ ಅಥವಾ ಎಸ್‌ಎಂಎಸ್ ಕಳಿಸಿ ನೋಂದಾಯಿಸಿದರೆ ನಿಮ್ಮ ನಂಬರು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್ ನಿಯಮದ ಪ್ರಕಾರ ಆದ್ಯತಾ ಪಟ್ಟಿಗೆ ಸೇರುತ್ತದೆ. ಎಲ್ಲವನ್ನೂ ತಡೆಯಬಹುದು, ಅಥವಾ ರಿಯಲ್ ಎಸ್ಟೇಟ್, ಬ್ಯಾಂಕಿಂಗ್, ಶಿಕ್ಷಣ ಹೀಗೆ ಬೇಡವಾದ ವರ್ಗಗಳನ್ನು ಮಾತ್ರ. ಇದರಲ್ಲಿ ಎರಡು ಕಿಂಡಿಗಳಿವೆ. ಒಂದು, ಈ ಪಟ್ಟಿಗೆ ಬೆಲೆ ಕೊಡುವವರು ನೋಂದಾಯಿತ ಟೆಲಿಮಾರ್ಕೆಟರುಗಳು. ಪ್ಲಾಟ್ ಮಾರುವ ಏಜೆಂಟು ತನ್ನ ಸ್ವಂತ ಸಿಮ್ಮಿನಿಂದ ಒತ್ತಿದರೆ ಯಾವ ಪಟ್ಟಿಯೂ ಅವನನ್ನು ತಡೆಯುವುದಿಲ್ಲ. ಎರಡು, ನಿಮ್ಮ ಒಪ್ಪಿಗೆ ಇದ್ದರೆ ಡಿಎನ್‌ಡಿ ಅಡ್ಡ ಬರುವುದಿಲ್ಲ. ಒಪ್ಪಿಗೆ ಯಾವಾಗ ಕೊಟ್ಟಿರಿ? ಫ್ಲಾಟಿನ ಬೆಲೆ ನೋಡೋಣ ಅಂತ ವೆಬ್‌ಸೈಟಿನಲ್ಲಿ ನಂಬರು ಹಾಕಿದಿರಲ್ಲ, ಅದರ ಕೆಳಗೆ ಮೊದಲೇ ಟಿಕ್ ಹಾಕಿಟ್ಟ ಪುಟ್ಟ ಸಾಲು: ಡಿಎನ್‌ಡಿ ಇದ್ದರೂ ಕರೆ ಮಾಡಲು ಅನುಮತಿಸುತ್ತೇನೆ. ಆ ಟಿಕ್ ತೆಗೆಯುವುದು ಡಿಎನ್‌ಡಿಗಿಂತ ಪರಿಣಾಮಕಾರಿ.

ಕರೆ ಮಾಡಿದ ಹುಡುಗಿಗೆ ಬೈದು ಫಲವಿಲ್ಲ. ಕರೀಂನಗರದಿಂದಲೋ ರಾಯಚೂರಿನಿಂದಲೋ ಬಂದು ಬೇಗಂಪೇಟೆಯ ಯಾವುದೋ ಮಹಡಿಯಲ್ಲಿ ಟಾರ್ಗೆಟ್ ಮುಗಿಸುತ್ತಿರುವವಳು ಅವಳು. ನಂಬರ್ ಎಲ್ಲಿ ಸಿಕ್ಕಿತು ಎಂದರೆ "ಸಿಸ್ಟಮ್ ಜನರೇಟೆಡ್ ಸಾರ್" ಎನ್ನುತ್ತಾಳೆ. ಅವಳಿಗೂ ಗೊತ್ತಿರುವುದು ಅಷ್ಟೇ.

7. 140 ಮತ್ತು 1600

ಕರೆ ಬಂದ ನಂಬರು 140ರಿಂದ ಶುರುವಾದರೆ ಅದು ಪ್ರಚಾರದ ಕರೆ. ಬ್ಯಾಂಕು, ವಿಮೆ, ಸರ್ಕಾರದ ಸೇವಾ ಕರೆಗಳಿಗೆಂದು 2024ರಲ್ಲಿ 1600 ಸರಣಿ ಬಂತು, 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ಇದನ್ನೇ ಬಳಸಲು ಹೇಳಿತು. ಮಾಮೂಲಿ ಹತ್ತಂಕಿ ನಂಬರಿನಿಂದ "ಬ್ಯಾಂಕಿನಿಂದ ಮಾತಾಡ್ತಿದೀನಿ" ಎಂದರೆ ಇಟ್ಟುಬಿಡಿ, ಪಾಸ್‌ಬುಕ್ಕಿನ ಮೇಲಿರುವ ನಂಬರಿಗೆ ನೀವೇ ಮಾಡಿ. "ಕರೆ ಬೇಡವಾದರೆ 9 ಒತ್ತಿ" ಎಂದರೂ ಒತ್ತಬೇಡಿ. ಒತ್ತಿದರೆ ಈ ನಂಬರಿನಲ್ಲಿ ಜೀವ ಇದೆ ಎಂದು ಖಾತ್ರಿಪಡಿಸಿದಂತೆ.

8. ನನ್ನಂಥವರ ಕೈಗೆ ಫೋನು ಕೊಡುವಾಗ

ಇದನ್ನು ಹೇಳಿದರೆ ಪಕ್ಕದ ಅಂಗಡಿಯವರು ಸಿಟ್ಟಾಗುತ್ತಾರೆ. ರಿಪೇರಿಗೆ ಕೊಟ್ಟ ಫೋನಿನ ಜೊತೆ ಪಿನ್ನನ್ನೂ ಚೀಟಿಯಲ್ಲಿ ಬರೆದು ಕೊಡುತ್ತೀರಿ. ಅದರೊಳಗೆ ಕಾಂಟ್ಯಾಕ್ಟ್ ಲಿಸ್ಟ್ ಮಾತ್ರವಲ್ಲ, ಮನೆಯವರ ಫೋಟೋ, ಓಟಿಪಿ ಬರುವ ಮೆಸೇಜು ಎಲ್ಲ ಇದೆ. ಸ್ಯಾಮ್‌ಸಂಗಿನ ಹಲವು ಫೋನುಗಳಲ್ಲಿ "ಮೇಂಟೆನೆನ್ಸ್ ಮೋಡ್", ಗೂಗಲ್ ಪಿಕ್ಸೆಲ್‌ನಲ್ಲಿ "ರಿಪೇರ್ ಮೋಡ್" ಇದೆ. ಆನ್ ಮಾಡಿಕೊಟ್ಟರೆ ನಮಗೆ ಖಾಲಿ ಫೋನು ಕಾಣುತ್ತದೆ, ಕೆಲಸಕ್ಕೆ ಅಷ್ಟೇ ಸಾಕು. ಸಿಮ್ ತೆಗೆದುಕೊಂಡು ಹೋಗಿ. ಅಂಗಡಿಯವ ಪಿನ್ ಬೇಕೇ ಬೇಕು ಅಂದರೆ ಯಾಕೆಂದು ಕೇಳಿ. ಬ್ಯಾಟರಿ ಬದಲಿಸಲು ಪಿನ್ ಬೇಡ.

9. ಬಿಟ್ಟ ನಂಬರು ಬೇರೆಯವರ ಮನೆ ಸೇರುತ್ತದೆ

ಅಮೆರಿಕಕ್ಕೆ ಹೋದ ಮಕ್ಕಳ ಕಥೆ ಇದು. ಇಲ್ಲಿನ ಸಿಮ್ಮಿಗೆ ರೀಚಾರ್ಜ್ ಮಾಡುವುದನ್ನು ಮರೆಯುತ್ತಾರೆ, ಸಂಪರ್ಕ ಕಡಿಯುತ್ತದೆ. ಆಮೇಲೆ ಕನಿಷ್ಠ 90 ದಿನ ಆ ನಂಬರನ್ನು ಬೇರೆಯವರಿಗೆ ಕೊಡುವಂತಿಲ್ಲ ಎಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅವಧಿ ಮುಗಿದರೆ ಕೊಡಬಹುದು, ಕೊಡುತ್ತಾರೆ. ಬ್ಯಾಂಕ್ ಖಾತೆ ಇನ್ನೂ ಆ ನಂಬರಿಗೇ ಅಂಟಿಕೊಂಡಿದ್ದರೆ ಓಟಿಪಿಗಳು ಗುರುತಿಲ್ಲದ ಮನೆಗೆ ಹೋಗುತ್ತವೆ. ಆದ್ದರಿಂದ ನಂಬರು ಬಿಡುವ ಮೊದಲು ಬ್ಯಾಂಕು, ಆಧಾರ್, ಇಮೇಲ್, ವಾಟ್ಸಾಪ್ ಎಲ್ಲದರಿಂದ ಬಿಡಿಸಿಕೊಳ್ಳಿ. ಮನೆಯ ಹಿರಿಯರು ತೀರಿಕೊಂಡಾಗಲೂ ಅವರ ಸಿಮ್ಮನ್ನು ಖಾತೆಗಳೆಲ್ಲ ಇತ್ಯರ್ಥವಾಗುವವರೆಗೆ ಚಾಲ್ತಿಯಲ್ಲಿಡಿ.

10. ವರ್ಷಕ್ಕೊಮ್ಮೆಯಾದರೂ ಎರಡು ತಪಾಸಣೆ

ಡಯಲ್ ಪ್ಯಾಡಿನಲ್ಲಿ *#21# ಒತ್ತಿದರೆ ನಿಮ್ಮ ಕರೆಗಳು ಬೇರೆ ನಂಬರಿಗೆ ತಿರುಗಿಸಲ್ಪಟ್ಟಿವೆಯೇ ಗೊತ್ತಾಗುತ್ತದೆ. ##002# ಒತ್ತಿದರೆ ಎಲ್ಲ ರದ್ದು. ಕೊರಿಯರ್‌ನವ ಎಂದು ಹೇಳಿಕೊಂಡು *401# ಒತ್ತಿಸಿ ಜನರ ಕರೆಗಳನ್ನೇ ಕದಿಯುತ್ತಿದ್ದ ಕಾರಣಕ್ಕೆ 2024ರ ಏಪ್ರಿಲ್ 15ರಿಂದ ಆ ಸೌಲಭ್ಯವನ್ನು ದೂರಸಂಪರ್ಕ ಇಲಾಖೆ ನಿಲ್ಲಿಸಿತು. ಎರಡನೆಯದು, ಸಂಚಾರ್ ಸಾಥಿ ಪೋರ್ಟಲ್. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಅಲ್ಲಿ ಕಾಣುತ್ತದೆ. ಒಬ್ಬರ ಹೆಸರಿಗೆ ಒಂಬತ್ತರವರೆಗೆ ಅವಕಾಶ ಇರುವುದರಿಂದ ಯಾರದೋ ಒಂದು ನಿಮ್ಮ ಲೆಕ್ಕಕ್ಕೆ ಸೇರಿದ್ದರೂ ತಿಳಿದಿರುವುದಿಲ್ಲ. "ನಾಟ್ ಮೈ ನಂಬರ್" ಒತ್ತಿ.

11. ಎಲ್ಲ ಗೊತ್ತಿದ್ದವನೇ ಅಪಾಯದವನು

ಸೋರಿದ ಮಾಹಿತಿಯ ನಿಜವಾದ ಬಳಕೆ ಪ್ಲಾಟ್ ಮಾರುವುದಕ್ಕಲ್ಲ. ಕರೆ ಮಾಡಿದವ ನಿಮ್ಮ ಪೂರ್ಣ ಹೆಸರು, ರೆಜಿಮೆಂಟು, ಆಧಾರಿನ ಕೊನೆಯ ಅಂಕಿಗಳನ್ನು ಹೇಳುತ್ತಾನೆ. ಆಗ ಅವನು ಅಧಿಕಾರಿಯೇ ಇರಬೇಕು ಎಂದು ಮನಸ್ಸು ಒಪ್ಪಿಬಿಡುತ್ತದೆ. ಪೊಲೀಸರ ವೇಷದಲ್ಲಿ ವಿಡಿಯೊ ಕರೆಯಲ್ಲೇ "ಬಂಧಿಸಿ" ಹಣ ಕೀಳುವ ಡಿಜಿಟಲ್ ಅರೆಸ್ಟ್ ಎಂಬ ನಾಟಕ ನಿಂತಿರುವುದೇ ಈ ಒಪ್ಪಿಗೆಯ ಮೇಲೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಶಿಸ್ತಿನಲ್ಲಿ ಬದುಕಿದ, ಮೇಲಿನ ಅಧಿಕಾರಿಯ ಧ್ವನಿಗೆ ಎದ್ದು ನಿಂತು ಅಭ್ಯಾಸವಾದ ನಮ್ಮ ಕಂಟೋನ್ಮೆಂಟಿನ ಹಿರಿಯರು ಇದಕ್ಕೆ ಬೇಗ ಸಿಗುತ್ತಾರೆ ಎಂಬುದು ನನ್ನ ಅನಿಸಿಕೆ. ಅವರಿಗೆ ನಾನು ಹೇಳುವುದು: ನಿಮ್ಮ ಸರ್ವಿಸ್ ರೆಕಾರ್ಡು ನಾಲ್ಕು ಪೈಸೆಗೆ ಸಿಕ್ಕಿಬಿಡುವ ಕಾಲ ಇದು, ಅದು ಗೊತ್ತಿದೆ ಅನ್ನುವುದು ಯಾವ ಗುರುತಿನ ಚೀಟಿಯೂ ಅಲ್ಲ. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಮಕ್ಕಳಿಗೆ. ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆ ಬೀಳಬೇಕು.

12. ಕಾನೂನು ಬಂದಿದೆ, ತಲುಪಿಲ್ಲ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣಕ್ಕೆ ಒಬ್ಬ ಕನ್ನಡಿಗರ ಹೆಸರಿದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ತೀರ್ಪಿನ ಬೆನ್ನಿಗೆ ಬಂದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟಿನಲ್ಲಿ ಅಂಕಿತ ಬಿತ್ತು, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ದಂಡ 250 ಕೋಟಿ ರೂಪಾಯಿವರೆಗೆ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯುವ, ಮಾಹಿತಿ ಅಳಿಸಿ ಎನ್ನುವ ಹಕ್ಕುಗಳೂ ಇವೆ. ಆದರೆ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ನಿಯಮಗಳೇ 18 ತಿಂಗಳ ಗಡುವು ಕೊಟ್ಟಿವೆ.

13. ಬ್ಲಾಕ್ ಮಾಡುವುದು ದೂರಲ್ಲ

ಪ್ಲಾಟಿನವನನ್ನು ಬ್ಲಾಕ್ ಮಾಡಿದರೆ ನಿಮಗೆ ನೆಮ್ಮದಿ, ಅವನಿಗೆ ನಷ್ಟವಿಲ್ಲ. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಬದಲಾಯಿಸಿತು. ಈಗ ಡಿಎನ್‌ಡಿ ನೋಂದಾಯಿಸದವರೂ ದೂರು ಕೊಡಬಹುದು, ಕರೆ ಬಂದ ಏಳು ದಿನದೊಳಗೆ. ಮೊದಲು ಮೂರೇ ದಿನ ಇತ್ತು. ಒಂದು ನಂಬರಿನ ಮೇಲೆ ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಮೊಬೈಲ್ ಕಂಪನಿ ಕ್ರಮ ಕೈಗೊಳ್ಳಬೇಕು. ಹಿಂದೆ ಏಳು ದಿನದಲ್ಲಿ ಹತ್ತು ಬೇಕಾಗಿತ್ತು. ಕರೆ ಬಂದ ನಂಬರು, ದಿನಾಂಕ, ಏನು ಹೇಳಿದರು ಎಂಬ ಒಂದು ಸಾಲು, ಇಷ್ಟಿದ್ದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ಪಿನಲ್ಲೋ 1909ರಲ್ಲೋ ದೂರು ಮುಗಿಯುತ್ತದೆ.

ಐದು ದೂರು ಎಂದರೆ ಐದು ಮನೆ. ಮಾರೇಡುಪಲ್ಲಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಒಂದೇ ನಂಬರಿನಿಂದ ಒಂದೇ ಮಧ್ಯಾಹ್ನ ಮನೆಮನೆಗೂ ಕರೆ ಬರುತ್ತದೆ. ಅಲ್ಲಿನ ಗಿರಾಕಿಗಳಿಗೆ ನಾನು ಹೇಳಿರುವುದು ಇಷ್ಟೆ: ಗ್ರೂಪಿನಲ್ಲಿ "ನಿಮಗೂ ಬಂತಾ?" ಎಂದು ಕೇಳಿ ಸುಮ್ಮನಾಗಬೇಡಿ, ಆ ನಂಬರನ್ನು ಅಲ್ಲೇ ಹಾಕಿ, ಐದು ಮಂದಿ ಅಂದೇ ಸಂಜೆ ದೂರು ಕೊಟ್ಟು, ದೂರಿನ ನಂಬರನ್ನು ಅದರ ಕೆಳಗೆ ಬರೆಯಿರಿ.